ಅಲುಗಾಡಿದ ಚಿತ್ರಗಳು: ಡಿಸ್ಲೆಕ್ಸಿಯಾ ಇರುವ ಮಕ್ಕಳ ಮಿದುಳನ್ನು ಅಳೆದ ನನ್ನ ಅನುಭವ

ಮಗುವನ್ನು ಎಂಆರ್‌ಐ ಯಂತ್ರದೊಳಕ್ಕೆ ಕಳುಹಿಸುವ ಮೊದಲು ನಾನು ಅದರ ಜೇಬು ತಡಕುತ್ತೇನೆ. ನಾಣ್ಯ, ಹೇರ್‌ಪಿನ್, ಬೀಗದ ಕೈ, ಒಮ್ಮೆಯಂತೂ ಒಂದು ಹಿಡಿ ಪುಟ್ಟ ಅಯಸ್ಕಾಂತ, ಎಲ್ಲವೂ ಸಿಕ್ಕಿವೆ. ಲೋಹ ಹೊರಗೆ ಉಳಿಯಿತೆಂದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕಷ್ಟದ್ದು: ಎಂಟು ವರ್ಷದ ಮಗು ಐದು ನಿಮಿಷ ತಲೆ ಅಲುಗಾಡಿಸದೆ ಮಲಗಬೇಕು. ನನ್ನ ಕೆಲಸ ಏನೆಂದು ತಿಳಿದವರು ಮಿದುಳಿನ ಬಗ್ಗೆ ಕೇಳುತ್ತಾರೆ. ನಾನು ಮಾತು ಶುರುಮಾಡುವುದು ಕುತ್ತಿಗೆಯಿಂದ.

ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದೆ, ಪಾಠವೂ ಎಲ್ಲರಂತೆಯೇ ಸಿಕ್ಕಿ, ಆದರೂ ಅಕ್ಷರಗಳ ಮುಂದೆ ತಡವರಿಸುವ, ಅಂದರೆ ಡಿಸ್ಲೆಕ್ಸಿಯಾ ಇರುವ ಮಕ್ಕಳು. ಅವರ ಮಿದುಳಿನ ರಚನೆಯನ್ನು ಸರಾಗವಾಗಿ ಓದುವ ಮಕ್ಕಳ ಮಿದುಳಿನೊಂದಿಗೆ ಹೋಲಿಸಿ ಅಳೆಯುವ ಕೆಲಸದಲ್ಲಿ ನಾನು ಕೆಲವು ವರ್ಷ ಇದ್ದೆ. ಸ್ಕ್ಯಾನ್ ತೆಗೆಯುವುದು, ಪರದೆಯ ಮೇಲೆ ಗೆರೆ ಎಳೆಯುವುದು, ಲೆಕ್ಕ ಹಾಕುವುದು ಎಲ್ಲವನ್ನೂ ಕೈಯಾರೆ ಮಾಡಿದ್ದೇನೆ. ನಮ್ಮದು ಸಣ್ಣ ಕೆಲಸ, ಎಲ್ಲೂ ಪ್ರಕಟವಾಗಲಿಲ್ಲ. ಏಕೆ ಆಗಲಿಲ್ಲ ಎಂಬುದೇ ಈ ಬರಹ.

ಮಕ್ಕಳನ್ನು ಸುಮ್ಮನೆ ಮಲಗಿಸಲು ನಾವು ಒಂದು ಸುಳ್ಳು ಯಂತ್ರ ಕಟ್ಟಿದ್ದೆವು. ದಪ್ಪ ರಟ್ಟಿನ ಸುರಂಗ, ಅದರೊಳಗೆ ಜಾರುವ ಹಲಗೆ, ತಲೆಯ ಹತ್ತಿರ ಸ್ಪೀಕರ್. ನಿಜವಾದ ಯಂತ್ರದ ಗಡಗಡ ಸದ್ದನ್ನು ಧ್ವನಿಮುದ್ರಿಸಿ ಅದರಲ್ಲಿ ಹಾಕುತ್ತಿದ್ದೆವು, ಮೊದಲ ದಿನ ಮೆಲ್ಲಗೆ, ಮರುದಿನ ಜೋರಾಗಿ. ಮಗು ಕಾರ್ಟೂನ್ ನೋಡುತ್ತಿರುತ್ತದೆ. ತಲೆ ಅಲುಗಿತೋ, ನಾನು ಗುಂಡಿ ಒತ್ತಿ ಕಾರ್ಟೂನ್ ನಿಲ್ಲಿಸುತ್ತೇನೆ. ಬೈಗುಳವಿಲ್ಲ, ಉಪದೇಶವಿಲ್ಲ. ಎರಡನೇ ದಿನದ ಹೊತ್ತಿಗೆ ಹೆಚ್ಚಿನ ಮಕ್ಕಳು ಕಲ್ಲಿನ ಗೊಂಬೆಗಳಾಗಿಬಿಡುತ್ತಿದ್ದರು. ಬಾಯಿ ಮುಚ್ಚಿಕೊಂಡು ನಗುವುದು ಹೇಗೆಂದು ಒಬ್ಬ ಹುಡುಗ ನನಗೇ ಹೇಳಿಕೊಡಲು ಬಂದಿದ್ದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಮೊದಲು ಕೈಹಾಕಿದ್ದು ಪ್ಲೇನಮ್ ಟೆಂಪೊರಾಲೆ ಎಂಬ ಜಾಗಕ್ಕೆ. ಕಿವಿಯ ಮೇಲುಭಾಗದ ನೇರಕ್ಕೆ, ಮಿದುಳಿನ ಪಕ್ಕದ ಭಾಗವಾದ ಟೆಂಪೊರಲ್ ಹಾಲೆಯ ನೆತ್ತಿಯ ಮೇಲೆ, ಒಂದು ಆಳವಾದ ಸೀಳಿನೊಳಗೆ ಅಡಗಿರುವ ತ್ರಿಕೋನ ಅದು. ಮಾತಿನ ಧ್ವನಿಗಳನ್ನು ಬಿಡಿಸಿ ಅರಿಯುವುದಕ್ಕೂ ಈ ಭಾಗಕ್ಕೂ ನಂಟಿದೆ. 1968ರಲ್ಲಿ ನಾರ್ಮನ್ ಗೆಶ್‌ವಿಂಡ್ ಮತ್ತು ವಾಲ್ಟರ್ ಲೆವಿಟ್‌ಸ್ಕಿ ಸತ್ತವರ 100 ಮಿದುಳುಗಳಲ್ಲಿ ಇದನ್ನು ಅಳೆದರು. 65ರಲ್ಲಿ ಎಡಗಡೆಯದು ದೊಡ್ಡದು, 11ರಲ್ಲಿ ಮಾತ್ರ ಬಲಗಡೆಯದು. ಮುಂದೆ ಆಲ್ಬರ್ಟ್ ಗ್ಯಾಲಬುರ್ಡಾ ಮತ್ತು ಸಂಗಡಿಗರು 1985ರಲ್ಲಿ ಡಿಸ್ಲೆಕ್ಸಿಯಾ ಇದ್ದ ನಾಲ್ವರು ಪುರುಷರ ಮಿದುಳುಗಳನ್ನು ತೆಳು ಹೋಳುಗಳಾಗಿ ಕತ್ತರಿಸಿ ನೋಡಿದಾಗ ನಾಲ್ಕರಲ್ಲೂ ಎಡ ಬಲಗಳು ಸರಿಸಮ. ಜೊತೆಗೆ, ಭ್ರೂಣದಲ್ಲಿ ಮಿದುಳು ಬೆಳೆಯುವಾಗ ತಮ್ಮ ಜಾಗ ತಪ್ಪಿ ಮೇಲ್ಪದರಕ್ಕೆ ಬಂದು ಸೇರಿಕೊಂಡ ನರಕೋಶಗಳ ಪುಟ್ಟ ಗಂಟುಗಳೂ ಕಂಡವು. ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಅಂಥ ಗಂಟುಗಳನ್ನು ನನ್ನ ಯಂತ್ರ ಕನಸಿನಲ್ಲೂ ಹಿಡಿಯಲಾರದು. ಎಡ ಬಲದ ಅಳತೆಯಾದರೆ ಆಗುತ್ತದಲ್ಲ, ಅದನ್ನು ಮಾಡೋಣ ಎಂದು ಕುಳಿತೆ.

ಕುಳಿತ ಮೇಲೆ ಗೊತ್ತಾಯಿತು, ತ್ರಿಕೋನ ಇರುವುದು ಪುಸ್ತಕದಲ್ಲಿ. ಅದರ ಮುಂಗಡಿ, ಮಿದುಳಿನ ಮೇಲ್ಪದರದಲ್ಲಿ ಸದ್ದನ್ನು ಮೊದಲು ಬರಮಾಡಿಕೊಳ್ಳುವ ಹೆಶ್ಲ್ ಮಡಿಕೆಯ ಹಿಂಬದಿಯ ತಗ್ಗು. ಆದರೆ ಎಷ್ಟೋ ಜನರಲ್ಲಿ ಹೆಶ್ಲ್ ಮಡಿಕೆ ಒಂದಲ್ಲ, ಎರಡು; ಇಲ್ಲವೇ ಒಂದೇ ಮಡಿಕೆ ಹೊರತುದಿಯಲ್ಲಿ ಕವಲೊಡೆದಿರುತ್ತದೆ. ಎರಡನೆಯದನ್ನು ಒಳಗೆ ಸೇರಿಸಿದರೆ ತ್ರಿಕೋನ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಹಿಂಗಡಿಯದು ಇನ್ನೂ ತಕರಾರು. ಸೀಳು ಹಿಂದಕ್ಕೆ ಸಾಗುತ್ತ ಮೇಲ್ಮುಖವಾಗಿ ತಿರುಗುತ್ತದೆ. ತಿರುವಿನಲ್ಲಿ ನಿಲ್ಲಿಸಬೇಕೇ, ಮೇಲಕ್ಕೂ ಹತ್ತಬೇಕೇ? ಒಬ್ಬ ಹುಡುಗಿಯ ಎಡಭಾಗದಲ್ಲಿ ನಾನು ಬೆಳಗ್ಗೆ ಎಳೆದ ಗೆರೆಗೂ ಸಂಜೆ ಎಳೆದ ಗೆರೆಗೂ ಹೊಂದಿಕೆಯೇ ಇರಲಿಲ್ಲ. ಮಿದುಳು ಅದೇ, ಕೈ ಅದೇ, ನಡುವೆ ಒಂದು ಊಟ.

ಆದರೂ ಮೊದಲ ಸುತ್ತು ಮುಗಿದಾಗ ಫಲಿತಾಂಶ ಚೆನ್ನಾಗಿಯೇ ಬಂತು. ಡಿಸ್ಲೆಕ್ಸಿಯಾ ಗುಂಪಿನಲ್ಲಿ ಎಡ ಬಲದ ವ್ಯತ್ಯಾಸ ಕಡಿಮೆ, ಗ್ಯಾಲಬುರ್ಡಾ ಹೇಳಿದಂತೆಯೇ! ಖುಷಿಯಿಂದ ಸಹೋದ್ಯೋಗಿಗೆ ತೋರಿಸಿದೆ. ಆಕೆ ಹೆಚ್ಚೇನೂ ಹೇಳಲಿಲ್ಲ, ಕಡತಗಳ ಹೆಸರುಗಳನ್ನಷ್ಟೇ ನೋಡಿದಳು. ಯಾವ ಮಗು ಯಾವ ಗುಂಪಿನದು ಎಂಬುದು ಹೆಸರಿನಲ್ಲೇ ಬರೆದಿತ್ತು. ಮರುವಾರ ಆಕೆ ಎಲ್ಲ ಚಿತ್ರಗಳಿಗೂ ಬೇರೆ ಸಂಖ್ಯೆ ಕೊಟ್ಟು, ಅರ್ಧದಷ್ಟನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ನನ್ನ ಮುಂದಿಟ್ಟಳು. ಈಗ ಗುಂಪು ಯಾವುದೆಂದು ಗೊತ್ತಿಲ್ಲ, ಎಡ ಯಾವುದು ಬಲ ಯಾವುದೆಂದೂ ಗೊತ್ತಿಲ್ಲ. ಮತ್ತೆ ಮೊದಲಿನಿಂದ ಎಳೆದೆ. ವ್ಯತ್ಯಾಸ ಕರಗಿ ಎಲ್ಲೋ ಮೂಲೆ ಸೇರಿತು. ನಾನು ಮೋಸ ಮಾಡಿರಲಿಲ್ಲ. ಅನುಮಾನ ಬಂದ ಕಡೆಯಲ್ಲೆಲ್ಲ ಕೈ ತನಗೆ ಬೇಕಾದತ್ತ ಒಂದಿಷ್ಟು ವಾಲಿತ್ತು, ಅಷ್ಟೆ. ಬದುಕಿರುವವರ ಎಂಆರ್‌ಐ ಚಿತ್ರಗಳಲ್ಲಿ ಈ ತ್ರಿಕೋನವನ್ನು ಅಳೆದ ಅಧ್ಯಯನಗಳೂ ಒಂದೊಂದು ಒಂದೊಂದು ಮಾತು ಹೇಳುತ್ತವೆ ಎಂಬುದು ಆಮೇಲೆ ನನಗೆ ವಿಚಿತ್ರವಾಗಿ ಕಾಣಲಿಲ್ಲ.

ಕೈಯನ್ನು ನಂಬುವುದು ಬೇಡವೆಂದು ತಂತ್ರಾಂಶಕ್ಕೆ ಶರಣಾದೆ. ಫ್ರೀಸರ್ಫರ್ ಎಂಬುದು ಉಚಿತವಾಗಿ ಸಿಗುತ್ತದೆ. ಒಂದು ಮಿದುಳಿನ ಚಿತ್ರ ಕೊಟ್ಟರೆ ಗಂಟೆಗಟ್ಟಲೆ ದುಡಿದು, ನರಕೋಶಗಳು ತುಂಬಿದ ಬೂದು ದ್ರವ್ಯ ಎಲ್ಲಿ ಮುಗಿಯುತ್ತದೆ, ಅವನ್ನು ಜೋಡಿಸುವ ತಂತುಗಳ ಬಿಳಿ ದ್ರವ್ಯ ಎಲ್ಲಿ ಶುರುವಾಗುತ್ತದೆ ಎಂದು ಗಡಿ ಎಳೆದು, ಕಾರ್ಟೆಕ್ಸಿನ, ಅಂದರೆ ಮಿದುಳಿನ ಬೂದು ಮೇಲ್ಪದರದ, ದಪ್ಪವನ್ನು ಜಾಗ ಜಾಗಕ್ಕೆ ಲೆಕ್ಕ ಹಾಕಿ ಕೊಡುತ್ತದೆ. ಈ ಸಲ ಎಡ ಮಿದುಳಿನ ಹಿಂಭಾಗದಲ್ಲಿ, ಅಕ್ಷರ ಕಂಡಾಗ ಚುರುಕಾಗುವ ಜಾಗದ ಸುತ್ತಮುತ್ತ, ಡಿಸ್ಲೆಕ್ಸಿಯಾ ಗುಂಪಿನ ಮಕ್ಕಳ ಕಾರ್ಟೆಕ್ಸ್ ತೆಳು ಎಂದು ಬಂತು. ಹೆಸರುಗಳನ್ನು ಮುಚ್ಚಿಯೇ ಮಾಡಿದ್ದೆ. ತಂತ್ರಾಂಶಕ್ಕೆ ಯಾರ ಮೇಲೂ ಪ್ರೀತಿಯಿಲ್ಲ. ಇನ್ನೇನು ಬರೆಯುವುದೊಂದೇ ಬಾಕಿ ಅನ್ನಿಸಿತ್ತು.

ಕಾರ್ಟೆಕ್ಸಿನ ದಪ್ಪ ಸರಾಸರಿ ಎರಡೂವರೆ ಮಿಲಿಮೀಟರ್. ನಮ್ಮ ಚಿತ್ರದ ಒಂದೊಂದು ಚುಕ್ಕೆಯ ಅಗಲವೇ ಒಂದು ಮಿಲಿಮೀಟರ್. ಗುಂಪುಗಳ ನಡುವೆ ನಾವು ಹುಡುಕುವ ವ್ಯತ್ಯಾಸವೋ ಆ ಚುಕ್ಕೆಯ ಒಂದು ಚೂರು. ಹೀಗಿರುವಾಗ ಮಗು ಸ್ವಲ್ಪ ತಲೆ ಅಲುಗಿಸಿದರೆ ಬೂದು ಬಿಳಿಯ ಗಡಿ ಕಲಸಿಹೋಗುತ್ತದೆ. ಕಲಸಿದ ಗಡಿಯನ್ನು ತಂತ್ರಾಂಶ ಸಾಮಾನ್ಯವಾಗಿ ತೆಳು ಕಾರ್ಟೆಕ್ಸ್ ಎಂದೇ ಓದುತ್ತದೆ. ಇದನ್ನು ಮಾರ್ಟಿನ್ ರಾಯ್ಟರ್ ಮತ್ತು ಸಂಗಡಿಗರು 2015ರಲ್ಲಿ ಅಚ್ಚುಕಟ್ಟಾಗಿ ತೋರಿಸಿದರು: ಆರೋಗ್ಯವಂತ ದೊಡ್ಡವರನ್ನು ಒಮ್ಮೆ ಸುಮ್ಮನೆ ಮಲಗಿಸಿ, ಮತ್ತೊಮ್ಮೆ ಬೇಕೆಂದೇ ತಲೆ ಆಡಿಸಲು ಹೇಳಿ ಸ್ಕ್ಯಾನ್ ತೆಗೆದರು. ಆಡಿಸಿದಾಗ ಬೂದು ದ್ರವ್ಯ ಕಡಿಮೆಯಾದಂತೆ ಕಂಡಿತು. ಅಷ್ಟರಲ್ಲಿ ಯಾರ ಮಿದುಳೂ ಸವೆದಿರಲಿಲ್ಲವಲ್ಲ.

ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಸಾಕಷ್ಟು ಮಂದಿಗೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆಯೂ ಜೊತೆಗಿರುತ್ತದೆ. ಅಂದರೆ ಅಲುಗಾಡುವ ತಲೆಗಳು ಎರಡೂ ಗುಂಪಿಗೆ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ನಾನು ಅಳೆದದ್ದು ಓದನ್ನೋ, ಚಡಪಡಿಕೆಯನ್ನೋ? ಎರಡು ವಾರ ಕುಳಿತು ಪ್ರತಿಯೊಂದು ಚಿತ್ರವನ್ನೂ ಕಣ್ಣಾರೆ ನೋಡಿದೆ. ಅಲುಗಾಟಕ್ಕೆ ಒಂದು ಗುರುತಿದೆ: ಕೆರೆಗೆ ಕಲ್ಲೆಸೆದಾಗ ಏಳುವಂಥ ಅಲೆಗಳು, ತಲೆಬುರುಡೆಯ ಅಂಚಿನಿಂದ ಒಳಮುಖವಾಗಿ ಸಾಲುಸಾಲಾಗಿ ಹಬ್ಬಿರುತ್ತವೆ. ಅಂಥ ಚಿತ್ರಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟೆ. ಹೆಸರು ತೆರೆದು ನೋಡಿದಾಗ ಅವುಗಳಲ್ಲಿ ಹೆಚ್ಚಿನವು ಒಂದೇ ಗುಂಪಿನವು. ಅವನ್ನು ಬಿಟ್ಟು ಲೆಕ್ಕ ಹಾಕಿದರೆ ನನ್ನ ತೆಳು ಕಾರ್ಟೆಕ್ಸ್ ಬಹುಪಾಲು ಮಾಯವಾಯಿತು. ರಟ್ಟಿನ ಸುರಂಗ ಕಟ್ಟುವ ಯೋಚನೆ ಬಂದದ್ದೇ ಆಗ. ಕೆಲಸದ ಮೊದಲ ದಿನವೇ ಕಟ್ಟಬೇಕಿತ್ತು.

ಹಾಗಾದರೆ ಎಲ್ಲವೂ ಭ್ರಮೆಯೇ ಎಂದು ಕೇಳಿದರೆ, ಅಲ್ಲ. ನಮ್ಮಂಥ ಸಣ್ಣ ಗುಂಪುಗಳಿಂದ ಬಂದ ಎಷ್ಟೋ ಫಲಿತಾಂಶಗಳು ದೊಡ್ಡ ಗುಂಪಿನ ಮುಂದೆ ನಿಲ್ಲಲಿಲ್ಲ ಎಂಬುದು ನಿಜ. 2015ರಲ್ಲಿ ಫ್ರೆಂಚ್, ಜರ್ಮನ್, ಪೋಲಿಷ್ ಭಾಷೆಗಳ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಒಟ್ಟಿಗೆ ನೋಡಿದ ಅಧ್ಯಯನದಲ್ಲಿ ಹಿಂದೆ ಹೇಳಿದ್ದ ಬೂದು ದ್ರವ್ಯದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಕಾಣಲೇ ಇಲ್ಲ. ಮಿದುಳಿನ ಒಟ್ಟು ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೋಸಹೋದವರೂ ಇದ್ದಾರೆ. ಡಿಸ್ಲೆಕ್ಸಿಯಾ ಗುಂಪುಗಳಲ್ಲಿ ಒಟ್ಟು ಗಾತ್ರವೇ ಸರಾಸರಿಯಲ್ಲಿ ತುಸು ಕಡಿಮೆ ಇರುವುದು ಮತ್ತೆ ಮತ್ತೆ ಕಂಡಿದೆ. ತಲೆ ಚಿಕ್ಕದಾದರೆ ಒಳಗಿನ ಎಲ್ಲವೂ ಚಿಕ್ಕದೇ. ನನ್ನ ಲೆಕ್ಕದಲ್ಲೂ ಈ ತಪ್ಪು ಒಂದು ತಿಂಗಳು ಹಾಯಾಗಿ ಕುಳಿತಿತ್ತು.

ನನಗೆ ಹೆಚ್ಚು ನಂಬಿಕೆ ಬಂದದ್ದು ಬಿಳಿ ದ್ರವ್ಯದ ಮೇಲೆ, ಅದರಲ್ಲೂ ಎಡಗಡೆಯ ಆರ್ಕುಯೇಟ್ ತಂತುಕಟ್ಟಿನ ಮೇಲೆ. ಕಿವಿಯ ಹಿಂದಿನಿಂದ ಹೊರಟು ಕಮಾನಿನಂತೆ ಬಾಗಿ ಹಣೆಯ ಕಡೆಗೆ ಸಾಗುವ ಈ ನರತಂತುಗಳ ಹುರಿ, ಕೇಳಿದ ಧ್ವನಿಯನ್ನು ಮಾತಿನ ಮುಂಭಾಗಕ್ಕೆ ಜೋಡಿಸುತ್ತದೆ. 2013ರ ಒಂದು ಅಧ್ಯಯನದಲ್ಲಿ, ಓದು ಇನ್ನೂ ಕಲಿಯದ ಶಿಶುವಿಹಾರದ ಮಕ್ಕಳಲ್ಲೇ, ಪದದೊಳಗಿನ ಧ್ವನಿಗಳನ್ನು ಬಿಡಿಸುವ ಚುರುಕಿಗೂ ಈ ಕಟ್ಟಿನ ಗಾತ್ರಕ್ಕೂ ಸಂಬಂಧ ಕಂಡಿತು. ಮನೆಯಲ್ಲಿ ಹಿರಿಯರಿಗೆ ಡಿಸ್ಲೆಕ್ಸಿಯಾ ಇದ್ದ ಮಕ್ಕಳಲ್ಲಿ ಅಕ್ಷರಾಭ್ಯಾಸಕ್ಕೆ ಮುಂಚೆಯೇ ಎಡ ಮಿದುಳಿನ ಹಿಂಭಾಗದಲ್ಲಿ ಬೂದು ದ್ರವ್ಯದ ವ್ಯತ್ಯಾಸ ಇರುವುದನ್ನು ನೋರಾ ರಾಶ್ಲೆ, ನದೀನ್ ಗಾಬ್ ಮೊದಲಾದವರು 2011ರಲ್ಲಿ ವರದಿ ಮಾಡಿದರು. ಓದುವ ಮೊದಲೇ ಏನೋ ಬೇರೆಯಾಗಿದೆ ಎನ್ನಲು ಇವೆಲ್ಲ ಆಧಾರ.

ಆದರೆ ಓದೂ ಮಿದುಳನ್ನು ತಿದ್ದುತ್ತದೆ. 2009ರಲ್ಲಿ ಮ್ಯಾನುವೆಲ್ ಕರೇರಾಸ್ ಮತ್ತು ಸಂಗಡಿಗರು, ಕೊಲಂಬಿಯಾದಲ್ಲಿ ಆಯುಧ ಕೆಳಗಿಟ್ಟು ಊರಿಗೆ ಮರಳಿ, ದೊಡ್ಡವರಾದ ಮೇಲೆ ಓದು ಬರಹ ಕಲಿತ ಮಾಜಿ ಗೆರಿಲ್ಲಾಗಳ ಮಿದುಳನ್ನು ಇನ್ನೂ ಕಲಿಯದವರ ಮಿದುಳಿನೊಂದಿಗೆ ಹೋಲಿಸಿದರು. ಕಲಿತವರಲ್ಲಿ ಬೂದು ದ್ರವ್ಯವೂ, ಎರಡು ಅರ್ಧಗೋಳಗಳನ್ನು ಬೆಸೆಯುವ ಸೇತುವಿನ ಹಿಂಭಾಗದ ಬಿಳಿ ದ್ರವ್ಯವೂ ಹೆಚ್ಚು. ಇದನ್ನು ಓದಿದ ಮೇಲೆ ನನ್ನ ಹೋಲಿಕೆಯ ಕ್ರಮವೇ ತಪ್ಪು ಅನ್ನಿಸಿತು. ಹತ್ತು ವರ್ಷದ ಸರಾಗ ಓದುಗ ಅಷ್ಟರಲ್ಲಿ ಲಕ್ಷಗಟ್ಟಲೆ ಪದ ಓದಿರುತ್ತಾನೆ. ಅದೇ ವಯಸ್ಸಿನ ಡಿಸ್ಲೆಕ್ಸಿಯಾ ಇರುವ ಹುಡುಗ ಅದರ ಒಂದು ಪಾಲು. ಇಬ್ಬರ ಮಿದುಳಿನ ನಡುವೆ ಅಂತರ ಕಂಡರೆ, ಅದು ಕಾರಣವೋ, ಓದದೆ ಉಳಿದುದರ ಫಲವೋ? ಅವನನ್ನು ಅವನಷ್ಟೇ ಓದಬಲ್ಲ ಏಳು ವರ್ಷದ ಮಗುವಿನೊಂದಿಗೂ ಹೋಲಿಸಬೇಕು. ಹೀಗೆ ಮಾಡಿದ 2014ರ ಅಧ್ಯಯನವೊಂದರಲ್ಲಿ, ಸಮವಯಸ್ಕರೊಂದಿಗೆ ಹೋಲಿಸಿದಾಗ ಕಂಡಿದ್ದ ಬೂದು ದ್ರವ್ಯದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ನಾನು ಚಿಕ್ಕ ಮಕ್ಕಳನ್ನೂ ಸೇರಿಸಲು ಹೊರಟೆ. ಆರು ಏಳು ವರ್ಷದವರು ಸುರಂಗದೊಳಗೆ ಹಾಡು ಹೇಳುತ್ತಾರೆ. ಅಷ್ಟು ಹೇಳಿದರೆ ಸಾಕು.

ತಾಯ್ತಂದೆಯರು ಕೇಳುವ ಪ್ರಶ್ನೆ ಒಂದೇ. ಪರದೆಯ ಮುಂದೆ ನಿಂತು, "ತೊಂದರೆ ಎಲ್ಲಿದೆ, ತೋರಿಸಿ" ಎನ್ನುತ್ತಾರೆ. ಮೊದಮೊದಲು ನಾನು ಎಡಭಾಗದ ಮೇಲೆ ಬೆರಳಿಟ್ಟು "ಈ ಸುತ್ತಮುತ್ತ" ಎನ್ನುತ್ತಿದ್ದೆ. ಅದು ತಪ್ಪು. ವ್ಯತ್ಯಾಸ ಇರುವುದು ಗುಂಪಿನ ಸರಾಸರಿಯಲ್ಲಿ. ಎರಡು ಗುಂಪಿನ ಅಳತೆಗಳು ಒಂದರ ಮೇಲೊಂದು ಎಷ್ಟು ಕವಿದುಕೊಂಡಿರುತ್ತವೆಂದರೆ, ನನ್ನ ಕೈಗೆ ಒಂದು ಚಿತ್ರ ಕೊಟ್ಟು ಈ ಮಗುವಿಗೆ ಓದಲು ಬರುತ್ತದೆಯೇ ಎಂದು ಕೇಳಿದರೆ ನಾಣ್ಯ ಚಿಮ್ಮಿ ಉತ್ತರ ಹೇಳಬಹುದು. ಡಿಸ್ಲೆಕ್ಸಿಯಾ ಗುರುತಿಸುವುದು ಓದಿಸಿಯೇ: ಪದಗಳ ಪಟ್ಟಿ, ಅರ್ಥವಿಲ್ಲದ ಪದಗಳ ಪಟ್ಟಿ, ವೇಗ, ಕಾಗುಣಿತ. ಇದಕ್ಕೆ ಕಾಗದ ಮತ್ತು ತಾಳ್ಮೆ ಸಾಕು, ನನ್ನ ಯಂತ್ರ ಬೇಡ. ಸ್ಕ್ಯಾನ್ ಮಾಡಿಸಿ ಡಿಸ್ಲೆಕ್ಸಿಯಾ ಪತ್ತೆಹಚ್ಚುತ್ತೇವೆ ಎಂದು ಯಾರಾದರೂ ಹೇಳಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ ಎನ್ನುತ್ತೇನೆ.

ಅವರಿಗೆ ನಾನು ಖುಷಿಯಿಂದ ಹೇಳುವ ವಿಷಯ ಬೇರೆ. 2009ರಲ್ಲಿ ತಿಮೋತಿ ಕೆಲ್ಲರ್ ಮತ್ತು ಮಾರ್ಸೆಲ್ ಜಸ್ಟ್, ಓದಿನಲ್ಲಿ ಹಿಂದಿದ್ದ ಎಂಟರಿಂದ ಹತ್ತು ವರ್ಷದ ಮಕ್ಕಳಿಗೆ ಸುಮಾರು 100 ಗಂಟೆ ಕ್ರಮಬದ್ಧ ಓದಿನ ತರಬೇತಿ ಕೊಟ್ಟು ಮೊದಲೂ ಆಮೇಲೂ ಸ್ಕ್ಯಾನ್ ಮಾಡಿದಾಗ, ಎಡ ಮುಂಭಾಗದ ಬಿಳಿ ದ್ರವ್ಯದ ರಚನೆ ಸುಧಾರಿಸಿದ್ದು ಕಂಡಿತು. 2018ರಲ್ಲಿ ಎಲಿಜಬೆತ್ ಹ್ಯೂಬರ್, ಜೇಸನ್ ಯೇಟ್‌ಮನ್ ಮತ್ತು ಸಂಗಡಿಗರು ಎಂಟು ವಾರಗಳ ಬಿರುಸಿನ ತರಬೇತಿಯಲ್ಲಿ, ದಿನಕ್ಕೆ ನಾಲ್ಕು ಗಂಟೆಯಂತೆ, ಇಂಥದೇ ಬದಲಾವಣೆಯನ್ನು ನಡುನಡುವೆ ಅಳೆಯುತ್ತ ಹೋದರು. ಓದು ಸುಧಾರಿಸಿದಂತೆ ತಂತುಗಳ ಅಳತೆಯೂ ಬದಲಾಯಿತು.

ಬಾಯಿ ಮುಚ್ಚಿ ನಗುವ ಹುಡುಗನ ವಿಷಯ ಹೇಳುತ್ತೇನೆಂದಿದ್ದೆ. ಒಂಬತ್ತು ವರ್ಷ. ರಟ್ಟಿನ ಸುರಂಗದಲ್ಲಿ ಶಿಲೆ. ನಿಜವಾದ ಯಂತ್ರದಲ್ಲಿ ಮೂರನೇ ನಿಮಿಷಕ್ಕೆ ಕಾರ್ಟೂನಿನ ಬೆಕ್ಕು ಬಾವಿಗೆ ಬಿತ್ತು. ಅವನ ತುಟಿ ತೆರೆಯಲಿಲ್ಲ, ಆದರೆ ತಲೆ ಕುಲುಕಿದ್ದು ನನಗೆ ಗಾಜಿನ ಆಚೆಯಿಂದಲೇ ಕಂಡಿತು. ಮತ್ತೊಮ್ಮೆ ತೆಗೆಯಲು ಅವನು ಒಪ್ಪಲಿಲ್ಲ, ಸಾಕಾಗಿತ್ತು. ಎಲ್ಲ ಮಕ್ಕಳಿಗೂ ಅವರವರ ಮಿದುಳಿನ ಚಿತ್ರವನ್ನು ಅಚ್ಚುಹಾಕಿ ಕೊಡುವುದು ನಮ್ಮ ವಾಡಿಕೆ. ಅವನು ತನ್ನದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮೇಲ್ತುದಿಯಲ್ಲಿ ಬರೆದಿದ್ದ ತನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಓದಿಕೊಂಡ. ಆಮೇಲೆ ಹಣೆಯ ಅಂಚಿನಲ್ಲಿದ್ದ ಅಲೆಗಳ ಮೇಲೆ ಬೆರಳಾಡಿಸಿ, "ಇದೇನು?" ಎಂದ.

"ಬೆಕ್ಕು ಬಾವಿಗೆ ಬಿದ್ದದ್ದು" ಎಂದೆ.

ಅವನು ಚಿತ್ರವನ್ನು ಸುರುಳಿ ಸುತ್ತಿಕೊಂಡು ಹೋದ. ನನ್ನ ಲೆಕ್ಕದ ಹಾಳೆಯಲ್ಲಿ ಅವನ ಸಾಲು ಖಾಲಿ ಇದೆ.