ಗೌಚೊ ಚಾಕು: ಅಲಗು, ಹಿಡಿ, ಒರೆ ಮೂರನ್ನೂ ಬೇರೆ ಬೇರೆ ನೋಡಿ

ಹೋದ ಮಳೆಗಾಲದಲ್ಲಿ ವಾಸ್ಕೋದಿಂದ ಒಬ್ಬ ಹುಡುಗ ಮಡಗಾಂವಿನ ನನ್ನ ಅಂಗಡಿಗೆ ಬಂದ. ನಮ್ಮ ಶಿರಸಿ ಕಡೆಯವನೇ, ಹಡಗಿನಲ್ಲಿ ಕೆಲಸ. ಟವೆಲ್ಲಿನಲ್ಲಿ ಸುತ್ತಿದ್ದ ಚಾಕು ತೆಗೆದು ಮೇಜಿನ ಮೇಲಿಟ್ಟು, "ಆಚಾರ್ರೇ, ಇದು ನೂರು ವರ್ಷದ ಬೆಳ್ಳಿ ಚಾಕು ಅಂತ ಹೇಳಿ ಕೊಟ್ರು. ಹೌದಾ ನೋಡಿ" ಅಂದ. ಬ್ಯೂನಸ್ ಐರಿಸ್‌ನ ಸಂತೆಯೊಂದರಲ್ಲಿ ಕೊಂಡದ್ದಂತೆ.

ನಾನು ಬೆಳ್ಳಿ ಕೆಲಸದವನು. ಗೌಚೊ ಚಾಕುಗಳ ಹುಚ್ಚು ಹಿಡಿಸಿದ್ದು ನಮ್ಮ ಅಣ್ಣ. ಅರ್ಜೆಂಟೀನಾದ ರೊಸಾರಿಯೊ ಕಡೆಯ ಬಂದರುಗಳಿಂದ ಸೋಯಾ ಎಣ್ಣೆ ತುಂಬಿಕೊಂಡು ಬರುವ ಹಡಗಿನಲ್ಲಿ ಅವನು ಎಂಜಿನ್ ರೂಮಿನವನು. ಹೋದಾಗೆಲ್ಲ ಒಂದೊಂದು ತಂದು, ಈಗ ನನ್ನ ಪೆಟ್ಟಿಗೆಯಲ್ಲಿ ಹನ್ನೊಂದು ಇವೆ. ಕೆಲವು ಒಳ್ಳೆಯವು, ಕೆಲವು ಸುಮ್ನೆ ಅಂಗಡಿ ಮಾಲು. ಎರಡೂ ಬಗೆ ಕೈಯಲ್ಲಿ ಹಿಡಿದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೌಚೊ ಅಂದರೆ ಆ ಕಡೆಯ ಪಂಪಾ ಹುಲ್ಲುಗಾವಲಿನಲ್ಲಿ ಕುದುರೆ ಮೇಲೆ ದನ ಕಾಯುವವನು. ಚರ್ಮ ಸುಲಿಯಲು, ಹಗ್ಗಕ್ಕೆ ತೊಗಲು ಸೀಳಲು, ಸುಟ್ಟ ಮಾಂಸ ಕೊಯ್ದು ತಿನ್ನಲು ಎಲ್ಲದಕ್ಕೂ ಒಂದೇ ಚಾಕು. ಅದನ್ನು ಸೊಂಟಪಟ್ಟಿಯ ಹಿಂಭಾಗದಲ್ಲಿ, ಹಿಡಿ ಬಲಗೈಗೆ ಸಿಗುವ ಹಾಗೆ ಅಡ್ಡ ಸಿಕ್ಕಿಸಿಕೊಳ್ಳುತ್ತಿದ್ದ. ನಮ್ಮ ಕೊಡವರ ಪೀಚೆಕತ್ತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲೂ ಬೆಳ್ಳಿ ಕಟ್ಟಿದ ಒರೆ, ಸೊಂಟಕ್ಕೆ ಸುತ್ತಿದ ಚೇಲೆ. ಕೆಲಸದ ಸಾಮಾನೇ ಮನುಷ್ಯನ ಒಡವೆಯೂ ಆಗಿತ್ತು.

ಮೊದಲು ಆಕಾರ ನೋಡಿ. ಉದ್ದನೆಯ ಅಲಗು, ಹಿಡಿಗೂ ಅಲಗಿಗೂ ನಡುವೆ ಕೈಗೆ ಅಡ್ಡ ತಡೆ ಇದ್ದರೆ ಅದು ಫಕೋನ್, ಮುಖ್ಯವಾಗಿ ಕಾದಾಟದ್ದು. ಮುರಿದ ಕತ್ತಿಗಳಿಂದ, ಬಯೊನೆಟ್‌ಗಳಿಂದ ಮಾಡಿದ ಫಕೋನ್‌ಗಳೂ ಇವೆ. ಎರಡೂ ಕಡೆ ಬಾಯಿ ಇದ್ದು ಎಡಬಲ ಸಮನಾಗಿದ್ದರೆ ದಾಗಾ. ಸೊಂಟದಲ್ಲಿ ಹಿಡಿಸದಷ್ಟು ಉದ್ದವಾಗಿದ್ದು ಜೀನಿನ ಪದರಗಳ ನಡುವೆ ಇಡುತ್ತಿದ್ದದ್ದು ಕರೊನೇರೊ. ಚಿಕ್ಕದು, ಹೊಟ್ಟೆಯ ಕೆಳಗೆ ಮುಂಭಾಗದಲ್ಲಿ ಸಿಕ್ಕಿಸುವಂಥದ್ದು ವೆರಿಹೇರೊ.

ನಿಮ್ಮ ಕೈಗೆ ಜಾಸ್ತಿ ಸಿಗುವುದು ಕುಚಿಯೊ ಕ್ರಿಯೊಯೊ, ಅಂದರೆ ನಾಡಿನ ಸಾದಾ ಚಾಕು. ಒಂದೇ ಕಡೆ ಬಾಯಿ, ಕೈಗೆ ಅಡ್ಡ ತಡೆ ಇಲ್ಲ. ಬೆನ್ನು ನೇರ. ಹಿಡಿಗೂ ಅಲಗಿಗೂ ನಡುವೆ ಗುಂಡಗಿನ ಲೋಹದ ಗಂಟು ಇರುತ್ತದೆ. ಅವರು ಅದನ್ನು ಬೊತೋನ್, ಅಂದರೆ ಗುಂಡಿ ಅನ್ನುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಚೆಂದ.

ಆಕಾರ ಒಂದನ್ನೇ ನಂಬಬೇಡಿ. ಹತ್ತಾರು ವರ್ಷ ಮಸೆದರೆ ದೊಡ್ಡ ಚಾಕುವೂ ಸವೆದು ವೆರಿಹೇರೊ ತರ ಕಾಣುತ್ತದೆ. ಬೊತೋನ್ ಪಕ್ಕದಲ್ಲಿ ಬೆರಳಾಡಿಸಿ. ಮಸೆಗಲ್ಲು ತಾಗದೆ ಉಳಿದ ಜಾಗದಲ್ಲಿ ಒಂದು ಸಣ್ಣ ಮೆಟ್ಟಿಲು ಸಿಕ್ಕಿದರೆ ಅಲಗು ಸವೆದಿದೆ ಅಂತಲೇ. ಆಮೇಲೆ ತೆಳು ಬಿದಿರು ಕಡ್ಡಿಯೊಂದನ್ನು ಒರೆಯೊಳಗೆ ಇಳಿಸಿ ಆಳ ಅಳೆಯಿರಿ. ಅಲಗಿಗಿಂತ ಒರೆ ಎರಡು ಬೆರಳು ಉದ್ದ ಇದ್ದರೆ ಮೊನೆ ಮುರಿದು ಮತ್ತೆ ಮಸೆದದ್ದಿರಬಹುದು. ಇಲ್ಲವೇ ಒರೆ ಬೇರೆ ಚಾಕುವಿನದು.

ನಾನು ಎಲ್ಲರಿಗೂ ಹೇಳುವುದು ಇದನ್ನೇ. ಗೌಚೊ ಚಾಕು ಒಂದೇ ವಸ್ತು ಅಲ್ಲ. ಅಲಗು ಬಹಳ ಸಲ ಯುರೋಪಿನಿಂದ ಬಂದದ್ದು, ಹಿಡಿ ಮತ್ತು ಒರೆ ಅಲ್ಲಿನ ಅಕ್ಕಸಾಲಿಗ ಮಾಡಿದ್ದು. ಹಿಡಿ ಹಾಳಾದರೆ ಬೇರೆ ಹಾಕಿಸುತ್ತಿದ್ದರು. ಹಾಗಾಗಿ ಮೂರಕ್ಕೂ ಬೇರೆ ಬೇರೆ ವಯಸ್ಸು ಇರಬಹುದು.

ಅಲಗಿನ ಮೇಲೆ ಗುರುತು ಹುಡುಕುವಾಗ ಉಜ್ಜಬೇಡಿ. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಇದ್ದರೆ ಅದು ಇಂಗ್ಲೆಂಡಿನ ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಕಿರೀಟದ ಎರಡೂ ಕಡೆ ವಿ ಮತ್ತು ಆರ್ ಅಕ್ಷರ ಕಂಡರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. ಮರದ ಚಿತ್ರ ಇದ್ದರೆ ಬೋಕರ್. 1869ರಲ್ಲಿ ಜರ್ಮನಿಯ ಸೋಲಿಂಗನ್‌ನಲ್ಲಿ ಶುರುವಾದ ಕಂಪನಿ. ಅರ್ಜೆಂಟೀನಾದಲ್ಲಿ ಈ ಗುರುತಿಗೆ ಅರ್ಬೊಲಿತೊ, ಪುಟ್ಟ ಮರ ಅಂತಲೇ ಹೆಸರು. ಅಲಗಿನ ಮೇಲೆ 'ಇನಾಕ್ಸ್' ಅಂತ ಇದ್ದರೆ ಸ್ಟೇನ್‌ಲೆಸ್ ಸ್ಟೀಲು, ಹಳೆಯದಲ್ಲ. ಊಟಕ್ಕೆ ಬಳಸಲು ಅದೂ ಒಳ್ಳೆಯದೇ.

ಇನ್ನು ಬೆಳ್ಳಿ. ಇಲ್ಲಿಯೇ ಜನ ಹೆಚ್ಚು ಮೋಸ ಹೋಗುವುದು. ಅಲ್ಲಿ ಅಲ್ಪಾಕಾ ಅನ್ನುವ ಲೋಹ ಬಹಳ ಬಳಕೆಯಲ್ಲಿದೆ. ತಾಮ್ರ, ನಿಕ್ಕೆಲ್, ಸತು ಸೇರಿದ್ದು, ನಮ್ಮಲ್ಲಿ ಜರ್ಮನ್ ಸಿಲ್ವರ್ ಅನ್ನುತ್ತೇವಲ್ಲ, ಅದೇ. ಬೆಳ್ಳಿ ಎಳ್ಳಷ್ಟೂ ಇಲ್ಲ. ಬೆಳ್ಳಿಯ ಹಾಗೆ ಅದೂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆ ಉಪಯೋಗವಿಲ್ಲ. 800, 900, 925 ಅಂತ ಮುದ್ರೆ ಇದ್ದರೆ ಬೆಳ್ಳಿಯ ಸೂಚನೆ. ಆದರೆ ಹಳ್ಳಿಯ ಹಳೆಯ ಕೆಲಸದಲ್ಲಿ ಮುದ್ರೆ ಇಲ್ಲದಿರುವುದೂ ಉಂಟು.

ಅದಕ್ಕೇ ಒರೆಗಲ್ಲು. ಆ ಹುಡುಗನ ಚಾಕುವಿನ ಹಿಡಿಯನ್ನು ತುದಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಕಲ್ಲಿಗೆ ತಿಕ್ಕಿದೆ. ಬಿಳಿ ಗೆರೆ ಬಂತು. ಮೇಲೆ ಒಂದು ತೊಟ್ಟು ನೈಟ್ರಿಕ್ ಆಸಿಡ್ ಬಿಟ್ಟೆ. ಗೆರೆ ಹಸಿರಾಗಿ ಕರಗಿ ಹೋಯಿತು. ಪಕ್ಕದಲ್ಲೇ ನನ್ನ ಬೆಳ್ಳಿ ತಂತಿಯಿಂದ ಇನ್ನೊಂದು ಗೆರೆ ಎಳೆದು, ಆಸಿಡ್ ಬಿಟ್ಟು, ಉಪ್ಪುನೀರು ಮುಟ್ಟಿಸಿದೆ. ಹಾಲಿನ ಹಾಗೆ ಬೆಳ್ಳಗೆ ಒಡೆಯಿತು. ಅವನು ಎರಡನ್ನೂ ನೋಡಿ ಸುಮ್ಮನಾದ. ಈ ಪರೀಕ್ಷೆಯನ್ನು ದಯವಿಟ್ಟು ಮನೆಯಲ್ಲಿ ಮಾಡಬೇಡಿ. ನಿಮ್ಮ ಅಕ್ಕಸಾಲಿಗರ ಹತ್ತಿರ ಒಯ್ಯಿರಿ, ಐದು ನಿಮಿಷದ ಕೆಲಸ.

ಆಮೇಲೆ ಓರೆ ಬೆಳಕಿನಲ್ಲಿ ಅಲಗು ತೋರಿಸಿದೆ. ಅರ್ಧ ಸವೆದ ನಕ್ಷತ್ರ, ಪಕ್ಕದಲ್ಲಿ ಶಿಲುಬೆ. "ಹಿಡಿ ಅಲ್ಪಾಕಾ, ಒರೆ ಹೊಸದು. ಅಲಗು ಮಾತ್ರ ಹಳೆಯದು, ಶೆಫೀಲ್ಡಿನದು. ಇದನ್ನು ಮಾರಬೇಡ" ಅಂದೆ.

ಕೈಕೆಲಸ ಗುರುತಿಸುವುದು ಕಷ್ಟವಲ್ಲ. ಉಳಿಯಲ್ಲಿ ಕೆತ್ತಿದ ಎರಡು ಎಲೆ ಒಂದೇ ತರ ಇರಲು ಸಾಧ್ಯವಿಲ್ಲ. ಅಚ್ಚಿನಲ್ಲಿ ಒತ್ತಿದ್ದರೆ ಎಲ್ಲ ಎಲೆಗಳೂ ತದ್ರೂಪ, ಅಂಚು ಮೊಂಡು. ಒರೆಯ ಹಿಂದೆ ಬೆಸುಗೆಯ ಗೆರೆ ನೋಡಿ, ಒಳ್ಳೆಯ ಕೈಯಾದರೆ ಅದು ಕೂದಲೆಳೆಯಷ್ಟೇ ಇರುತ್ತದೆ. ಬೆಳ್ಳಿ ಹಿಡಿಗಳು ಹೆಚ್ಚಾಗಿ ಟೊಳ್ಳು. ನಮ್ಮಲ್ಲಿ ಅರಗು ತುಂಬುವ ಹಾಗೆ ಅವರು ರಾಳದಂಥದ್ದು ತುಂಬುತ್ತಾರೆ. ಆದ್ದರಿಂದ ಬಿಸಿನೀರಿನಲ್ಲಿ ತೊಳೆಯಲೇಬೇಡಿ, ಒಳಗಿನದು ಕರಗಿ ಅಲಗು ಸಡಿಲವಾಗುತ್ತದೆ.

ನನ್ನದೊಂದು ತಪ್ಪು ಈಗಲೂ ನೋಯುತ್ತದೆ. ಅಣ್ಣ ತಂದ ಎರಡನೆಯ ಚಾಕುವಿನ ಒರೆಯ ಬಾಯಿಪಟ್ಟಿ ಕಪ್ಪಾಗಿತ್ತು. ಬಫಿಂಗ್ ಮೋಟಾರಿಗೆ ಹಿಡಿದೆ. ಫಳಫಳ ಹೊಳೆಯಿತು, ಆದರೆ ಯಾರೋ ಹಳೆಯ ಮಾಲೀಕನ ಹೆಸರಿನ ಎರಡು ಅಕ್ಷರ ಅಳಿಸಿ ಹೋದವು. ಅಂದಿನಿಂದ ಮೆತ್ತನೆಯ ಹತ್ತಿ ಬಟ್ಟೆ ಬಿಟ್ಟು ಬೇರೇನೂ ಮುಟ್ಟಿಸಿಲ್ಲ. ಅಲಗಿನ ಬೂದು ಬಣ್ಣವನ್ನೂ ಹಾಗೇ ಬಿಡಿ. ಕೆಂಪು ತುಕ್ಕಿದ್ದರೆ ಮಾತ್ರ ಎಣ್ಣೆ ಹಚ್ಚಿ ನಿಧಾನಕ್ಕೆ ತೆಗೆಯಿರಿ.

ಗೋವಾದ ಮಳೆಗಾಲದಲ್ಲಿ ಅಲಗನ್ನು ಚರ್ಮದ ಒರೆಯೊಳಗೆ ಇಡಬೇಡಿ. ಚರ್ಮ ತೇವ ಹೀರಿಕೊಂಡು ಉಕ್ಕನ್ನು ತಿನ್ನುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ರಬ್ಬರ್ ಬ್ಯಾಂಡ್ ಹಾಕಬೇಡಿ, ಬೆಳ್ಳಿ ಕಪ್ಪಾಗುತ್ತದೆ.

ಕಾನೂನನ್ನೂ ಮರೆಯಬೇಡಿ. ನಮ್ಮ ಆಯುಧ ನಿಯಮಗಳ ಪಟ್ಟಿಯಲ್ಲಿ ಬಾಕು, ಬಯೊನೆಟ್‌ಗಳ ಜೊತೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳೂ ಇವೆ. ಮನೆಗೆಲಸ, ಬೇಸಾಯದಂಥ ಕೆಲಸದವಕ್ಕೆ ವಿನಾಯಿತಿ ಇದೆ. ಅದಕ್ಕೇ ಫಕೋನ್, ದಾಗಾ ತರಬೇಡ ಅಂತ ಅಣ್ಣನಿಗೆ ಹೇಳಿದ್ದೇನೆ. ಉರುಗ್ವೆಯ ಮೊಂಟೆವಿಡಿಯೊದಲ್ಲಿ ಅವನು ತೆಗೆದ ಫಕೋನ್ ಫೋಟೊಗಳನ್ನು ನೋಡಿಯೇ ನನಗೆ ಖುಷಿ. ಚಿಕ್ಕ ಚಾಕು ತರುವಾಗಲೂ ಬಿಲ್ ಇಟ್ಟುಕೊಳ್ಳಿ, ಕಸ್ಟಮ್ಸ್‌ನವರಿಗೆ ತೋರಿಸಿಯೇ ತನ್ನಿ, ಅನುಮಾನ ಇದ್ದರೆ ಮೊದಲೇ ಕೇಳಿ.

ಆ ಹುಡುಗ ಅಲಗಿಗೆ ನನ್ನ ಹತ್ತಿರವೇ ಎಣ್ಣೆ ಹಚ್ಚಿಸಿಕೊಂಡು, ಒರೆಯನ್ನು ಬೇರೆ ಚೀಲಕ್ಕೆ ಹಾಕಿಕೊಂಡು ವಾಸ್ಕೋ ಬಸ್ಸು ಹತ್ತಿದ.