ಸಬ್‌ವೂಫರ್ ಗುಂಯ್‌ಗುಡುವುದು ನಿಂತಿದ್ದು ಹೀಗೆ

ಆರು ತಿಂಗಳು ನಾನು ಬಯ್ದಿದ್ದು ಸಬ್‌ವೂಫರನ್ನು, ಅಂದರೆ ತಗ್ಗಿನ ಸ್ವರ (ಬಾಸ್) ಮಾತ್ರ ನುಡಿಸುವ ಸ್ಪೀಕರನ್ನು. ತಪ್ಪು ಅದರದ್ದಲ್ಲ, ನಾನು ಅದನ್ನು ಇಟ್ಟಿದ್ದ ಮೂಲೆಯದ್ದು.

ಸ್ಫೋಟದ ದೃಶ್ಯ ಬಂದರೆ ಗುಂಯ್ ಎನ್ನುವ ಒಂದೇ ಸ್ವರ. ಸೋಫಾದಲ್ಲಿ ಕೂತರೆ ಬಾಸೇ ಇಲ್ಲ, ಬಾಗಿಲ ಹತ್ತಿರ ನಿಂತರೆ ಎದೆ ನಡುಗುವಷ್ಟು. ವಾಲ್ಯೂಮ್ ಏರಿಸಿ ಏರಿಸಿ ಸಾಕಾಯಿತು.

ಕೊನೆಗೆ ಸಬ್‌ವೂಫರನ್ನೇ ಎತ್ತಿ ಸೋಫಾದ ಮೇಲೆ, ನಾನು ಕೂರುವ ಜಾಗದಲ್ಲಿ ಇಟ್ಟೆ. ಬಾಸ್ ಗಿಟಾರ್ ಚೆನ್ನಾಗಿ ಕೇಳುವ ಹಾಡು ಹಾಕಿ, ಗೋಡೆ ಪಕ್ಕ ಅಂಬೆಗಾಲಿಡುತ್ತಾ ಹೋದೆ. ನೋಡಿದವರು ನಗುತ್ತಾರೆ, ನಗಲಿ ಬಿಡಿ. ಮೂಲೆಯಲ್ಲಿ ಸ್ವರಗಳೆಲ್ಲ ಕಲಸಿಹೋದ ಹಾಗಿತ್ತು. ಮುಂದಿನ ಗೋಡೆಯ ಮೂರನೇ ಒಂದು ಭಾಗ ದಾಟುವಾಗ ತಂತಿ ಮೀಟಿದ್ದು ಒಂದೊಂದಾಗಿ ಬಿಡಿಸಿ ಕೇಳಿತು. ಹಾಗೆ ಚೆನ್ನಾಗಿ ಕೇಳಿದ ಜಾಗದಲ್ಲಿ ಸಬ್ ಇಟ್ಟರೆ ಸೋಫಾದಲ್ಲೂ ಹಾಗೇ ಕೇಳುತ್ತದೆ; ಸಬ್ ಈಗ ಅಲ್ಲೇ ಇದೆ. 40 ಹರ್ಟ್ಸ್ ಸ್ವರದ ಅಲೆ ಸುಮಾರು 8.5 ಮೀಟರ್ ಉದ್ದ, ನನ್ನ ಕೋಣೆಗಿಂತ ಜಾಸ್ತಿ! ಗೋಡೆಗೆ ಬಡಿದು ವಾಪಸ್ ಬಂದ ಅಲೆ ಒಂದು ಕಡೆ ಕೂಡಿಕೊಳ್ಳುತ್ತದೆ, ಇನ್ನೊಂದು ಕಡೆ ರದ್ದಾಗುತ್ತದೆ. ವಾಲ್ಯೂಮ್ ಏರಿಸಿದರೆ ಏನು ಬಂತು, ಅಲ್ವಾ?

ಆಮೇಲೆ ರಿಸೀವರ್, ಅಂದರೆ ಎಲ್ಲ ಸ್ಪೀಕರ್‌ಗಳಿಗೆ ಶಬ್ದ ಹಂಚುವ ಪೆಟ್ಟಿಗೆ. ಆಟೋ ಕ್ಯಾಲಿಬ್ರೇಷನ್ (ಮೈಕ್ ಇಟ್ಟು ಸ್ಪೀಕರ್‌ಗಳನ್ನು ತಾನೇ ಅಳೆದು ಹೊಂದಿಸಿಕೊಳ್ಳುವುದು) ಮತ್ತೆ ಓಡಿಸಿದೆ. ಅದು ನನ್ನ ಪುಟ್ಟ ಸ್ಪೀಕರ್‌ಗಳನ್ನು ‘ಲಾರ್ಜ್’, ಅಂದರೆ ಬಾಸನ್ನೂ ತಾವೇ ನುಡಿಸಬಲ್ಲವು, ಅಂತ ಬರೆದುಕೊಂಡಿತ್ತು! ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಯಾವ ಸ್ವರದ ಕೆಳಗಿನದ್ದು ಸಬ್‌ಗೆ ಹೋಗಬೇಕು ಎನ್ನುವ ಗಡಿ) 80 ಹರ್ಟ್ಸ್‌ಗೆ ಇಟ್ಟೆ. ಸಬ್ ಹಿಂಬದಿಯ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿದೆ. ಇಲ್ಲದಿದ್ದರೆ ಒಂದೇ ಶಬ್ದವನ್ನು ಎರಡು ಸಲ ಸೋಸಿದ ಹಾಗೆ. ಫೇಸ್ ಸ್ವಿಚ್ (ಸಬ್‌ನ ಅಲೆಯನ್ನು ತಲೆಕೆಳಗು ಮಾಡುವ ಸ್ವಿಚ್) 0ಯಿಂದ 180 ಡಿಗ್ರಿಗೆ ಹಾಕಿದಾಗ ಡೋಲಿನ ಏಟಿಗೆ ತೂಕ ಬಂತು.

ಕಿಟಕಿ ಗಾಜು ಇನ್ನೂ ಸ್ವಲ್ಪ ಅದುರುತ್ತದೆ. ಒಂದು ರಬ್ಬರ್ ತುಂಡು ಸಿಗಿಸಬೇಕು.