ಕೆಲಸ ಬಿಟ್ಟ ಮೇಲೆ ಹಳೇ ಗ್ರಾಹಕರು ಬಂದರೆ: ಒಪ್ಪಂದದ ಷರತ್ತು ಎಷ್ಟರಮಟ್ಟಿಗೆ ನಿಲ್ಲುತ್ತದೆ?

ಮಡಿಕೇರಿಯ ರೆಸಾರ್ಟೊಂದರಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದವರು ಸ್ವಂತ ಟ್ರಾವೆಲ್ಸ್ ತೆರೆಯುತ್ತಾರೆ. ಗೋಣಿಕೊಪ್ಪದ ವ್ಯಾಪಾರಿಯ ಬಳಿ ಖರೀದಿಗೆ ಓಡಾಡುತ್ತಿದ್ದವರು ತಾವೇ ಕಾಫಿ, ಕರಿಮೆಣಸು ಕೊಳ್ಳಲು ಶುರುಮಾಡುತ್ತಾರೆ. ಹಿಂದೆಯೇ ಲೀಗಲ್ ನೋಟಿಸ್ ಬರುತ್ತದೆ: ಎರಡು ವರ್ಷ ನಮ್ಮ ಗ್ರಾಹಕರಿಗೆ ಸೇವೆ ಕೊಡುವುದಿಲ್ಲವೆಂದು ಸಹಿ ಹಾಕಿದ್ದೀರಿ, ನಿಲ್ಲಿಸಿ. ಇಷ್ಟಕ್ಕೇ ಹೆದರಿ ಬಾಗಿಲು ಹಾಕಬೇಡಿ.

1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಯಾರನ್ನಾದರೂ ಕಾನೂನುಬದ್ಧ ವೃತ್ತಿ, ವ್ಯಾಪಾರದಿಂದ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ಕರಾರಿನ ಅವಧಿ ಮುಗಿದ ಮೇಲಿನ ಇಂಥ ನಿರ್ಬಂಧ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಕರಣದಲ್ಲಿ ಹೇಳಿತು. ಆದರೆ ಕೆಲಸದಲ್ಲಿರುವಾಗಿನ ನಿರ್ಬಂಧ ನಿಲ್ಲುತ್ತದೆ. ಅದು ಸುಪ್ರೀಂ ಕೋರ್ಟಿನ 1967ರ ಗೋಲಿಕೇರಿ ತೀರ್ಪಿನಿಂದ ಬಂದ ನಿಯಮ. ಬಹಳ ಜನ ಎಡವುವುದು ಇಲ್ಲೇ. ರಾಜೀನಾಮೆ ಕೊಟ್ಟ ಮೇಲಿನ ನೋಟಿಸ್ ಅವಧಿಯಲ್ಲೇ ‘ಮುಂದಿನ ತಿಂಗಳಿಂದ ನನ್ನ ಹತ್ತಿರ ಬನ್ನಿ’ ಎಂದು ಬೆಳೆಗಾರರಿಗೆ ಹೇಳಿಬಿಟ್ಟರೆ, ಗೆಲ್ಲುವ ಕೇಸನ್ನು ಕೈಯಾರೆ ಕೆಡಿಸಿಕೊಂಡಂತೆ.

ಮೊದಲು ನೇಮಕಾತಿ ಪತ್ರ ತೆಗೆದು ಒಂದೊಂದು ಪದ ಓದಿ. ‘ಸೇವೆ ಕೊಡಬಾರದು’ ಎಂಬುದು ಬೇರೆ, ‘ಗ್ರಾಹಕರನ್ನು ಸೆಳೆಯಬಾರದು’ ಎಂಬುದು ಬೇರೆ. ಮೊದಲನೆಯದು ದುರ್ಬಲ. ಎರಡನೆಯದರಲ್ಲಿ ಹೈಕೋರ್ಟುಗಳ ನಿಲುವು ಒಂದೇ ತೆರನಾಗಿಲ್ಲ: 2009ರ ಡೆಸಿಕಂಟ್ ರೋಟರ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಪ್ರತಿಸ್ಪರ್ಧಿ ಕಂಪನಿ ಸೇರಲು ಬಿಟ್ಟರೂ ಹಳೇ ಗ್ರಾಹಕರ ಬೆನ್ನುಬೀಳುವುದನ್ನು ತಡೆಯಿತು. ‘ಕೆಲಸ ಬಿಟ್ಟರೆ’ ಎಂಬ ಪದವನ್ನೂ ಗಮನಿಸಿ. ಸುಪ್ರೀಂ ಕೋರ್ಟಿನ 1980ರ ಕೃಷನ್ ಮುರ್ಗೈ ತೀರ್ಪಿನಲ್ಲಿ ಬಹುಮತದ ನ್ಯಾಯಮೂರ್ತಿಗಳು, ಇದು ತಾನಾಗಿ ಬಿಟ್ಟವರಿಗಷ್ಟೇ ಅನ್ವಯ, ಕಂಪನಿಯೇ ತೆಗೆದುಹಾಕಿದವರಿಗಲ್ಲ ಎಂದರು.

ಗ್ರಾಹಕರ ವಿಷಯಕ್ಕಿಂತ ಮಾಹಿತಿಯ ವಿಷಯದಲ್ಲೇ ಹೆಚ್ಚು ಎಚ್ಚರ ಬೇಕು. ಅತಿಥಿಗಳ ಎಕ್ಸೆಲ್ ಪಟ್ಟಿಯನ್ನು ಸ್ವಂತ ಜಿಮೇಲಿಗೆ ಕಳಿಸಿಕೊಂಡರೆ ಗೋಪ್ಯತೆಯ ಷರತ್ತು ಮುರಿದಂತೆ. ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ನಕಲು ಮಾಡಿದ್ದಕ್ಕೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ನೇ ಕಲಮೂ ಬೀಳಬಹುದು. ಕಂಪನಿ ಸಿಮ್, ವಾಟ್ಸಾಪ್ ಬಿಸಿನೆಸ್ ಖಾತೆ, ಲ್ಯಾಪ್‌ಟಾಪ್ ಒಪ್ಪಿಸಿ, ಒಪ್ಪಿಸಿದ ದಿನಾಂಕದೊಂದಿಗೆ ಸಹಿ ಪಡೆಯಿರಿ. ನಿಮ್ಮ ಫೋನಿಗೆ ತಾನಾಗಿ ಸಿಂಕ್ ಆಗಿರುವ ಕಂಪನಿಯ ಸಂಪರ್ಕಗಳ ಬಗ್ಗೆ ಬರಹದಲ್ಲೇ ತಿಳಿಸಿ ತೆಗೆಯಿರಿ. ಗುಟ್ಟಾಗಿ ಅಳಿಸಿದರೆ ಸಾಕ್ಷ್ಯ ನಾಶದ ಆರೋಪ ಬರುತ್ತದೆ. ನೆನಪಿನಲ್ಲಿರುವ ಹೆಸರು, ಊರಿಗೆಲ್ಲ ಗೊತ್ತಿರುವ ತೋಟದ ವಿಳಾಸ ಸಾಮಾನ್ಯವಾಗಿ ವ್ಯಾಪಾರದ ಗುಟ್ಟಾಗುವುದಿಲ್ಲ.

ಹೊಸ ವ್ಯವಹಾರವನ್ನು ಬೋರ್ಡು, ಪತ್ರಿಕೆ ಜಾಹೀರಾತು, ಇನ್‌ಸ್ಟಾಗ್ರಾಂ ಮೂಲಕ ಎಲ್ಲರಿಗೂ ತಿಳಿಸಿ. ಹಳೇ ಗ್ರಾಹಕರಿಗೆ ಒಬ್ಬೊಬ್ಬರಿಗೇ ಕರೆ ಮಾಡಬೇಡಿ. ಅವರಾಗಿ ಬಂದರೆ ಮೊದಲ ಸಂದೇಶ ಅವರಿಂದಲೇ ಬರಲಿ, ಅದನ್ನು ಉಳಿಸಿಕೊಳ್ಳಿ.

ನೋಟಿಸಿಗೆ ವಕೀಲರ ಮೂಲಕ ಚುಟುಕಾಗಿ ಉತ್ತರಿಸಿ, ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಕೇವಿಯಟ್ (ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿ. ಆಗ ನಿಮ್ಮನ್ನು ಕೇಳದೆ ತಡೆಯಾಜ್ಞೆ ಸಿಗುವುದು ಕಷ್ಟ. ಕೇವಿಯಟ್‌ನ ಆಯುಸ್ಸು 90 ದಿನ, ಆಮೇಲೆ ಹೊಸದು ಬೇಕು. ಎಲ್ಲಿ ಹಾಕಬೇಕು ಎಂಬುದರಲ್ಲಿ ತಪ್ಪಾಗುತ್ತದೆ: ಕೊಡಗಿನ ಎಷ್ಟೋ ರೆಸಾರ್ಟುಗಳ ಕಚೇರಿ ಬೆಂಗಳೂರಿನಲ್ಲಿದೆ, ಒಪ್ಪಂದದಲ್ಲೂ ಅಲ್ಲಿನ ನ್ಯಾಯಾಲಯದ ಹೆಸರಿರುತ್ತದೆ. ಉದ್ಯೋಗ ಒಪ್ಪಂದದಲ್ಲೂ ಹೀಗೆ ನ್ಯಾಯಾಲಯವನ್ನು ಗೊತ್ತುಪಡಿಸುವ ಷರತ್ತು ಊರ್ಜಿತ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಹಾಗಿದ್ದರೆ ಮಡಿಕೇರಿಯಲ್ಲಿ ಮಾತ್ರ ಕೇವಿಯಟ್ ಹಾಕಿ ಪ್ರಯೋಜನವಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

‘ಉಲ್ಲಂಘಿಸಿದರೆ 5 ಲಕ್ಷ’ ಎಂದಿದ್ದರೆ ಅದು ಗರಿಷ್ಠ ಮಿತಿ ಮಾತ್ರ. ಕರಾರು ಕಾಯ್ದೆಯ 74ನೇ ಕಲಮಿನಂತೆ ನ್ಯಾಯಾಲಯ ಸಮಂಜಸ ಪರಿಹಾರವನ್ನಷ್ಟೇ ಕೊಡಿಸುತ್ತದೆ. ಷರತ್ತೇ ಅನೂರ್ಜಿತವಾದರೆ ಅದೂ ಇಲ್ಲ. ಇಂತಿಷ್ಟು ವರ್ಷ ದುಡಿಯುತ್ತೇನೆಂಬ ಬಾಂಡ್ ಮಾತ್ರ ಬೇರೆ: ವಿಜಯಾ ಬ್ಯಾಂಕಿನ 2 ಲಕ್ಷದ ಬಾಂಡನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು.

ನಿಮ್ಮದೇ ಟ್ರಾವೆಲ್ಸನ್ನು ಗುಡ್‌ವಿಲ್ (ವ್ಯವಹಾರ ಗಳಿಸಿದ ಹೆಸರು, ಗ್ರಾಹಕರ ನಂಬಿಕೆ) ಸಮೇತ ಮಾರಿ, ಕೊಂಡವರ ಬಳಿಯೇ ಸಂಬಳಕ್ಕಿದ್ದವರಿಗೆ ಈ ರಕ್ಷಣೆ ಪೂರ್ತಿ ಸಿಗದು. ಮಾರಾಟ ಪತ್ರದಲ್ಲಿ ಸಮಂಜಸ ಸ್ಥಳಮಿತಿಯೊಳಗೆ ಅದೇ ವ್ಯವಹಾರ ಮಾಡಬಾರದೆಂದಿದ್ದರೆ 27ನೇ ಕಲಮೇ ಅದನ್ನು ಒಪ್ಪುತ್ತದೆ. ಅಂಥವರು ನೇಮಕಾತಿ ಪತ್ರದ ಜೊತೆ ಮಾರಾಟ ಪತ್ರವನ್ನೂ ವಕೀಲರಿಗೆ ತೋರಿಸಬೇಕು.